ಅಟ್ಟದ ಮೇಲೆ ಕಾಯಿ ಉರುಳಿದ ಬೆಳಗ್ಗೆ

ಕೆರೆ ಕೋಡಿ ಬಿತ್ತೆಂದರೆ ನಮ್ಮ ಕಡೆ ಯಾರೂ ಊರು ಬಿಟ್ಟು ಓಡುವುದಿಲ್ಲ, ನೋಡಲು ಹೋಗುತ್ತೇವೆ. ಬಿಳಿಗೆರೆ ಆಚೆಗಿನ ನಮ್ಮೂರಿನ ಕೆರೆ ತುಂಬಿದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ಕಂಡದ್ದೇ ಅಪರೂಪ. ಹಾಗಾಗಿ ಪಂಚಾಯ್ತಿಯ ವಾಟ್ಸಾಪ್ ಗ್ರೂಪಿನಲ್ಲಿ ‘ಕೆರೆ ಕೋಡಿ ಬಿದ್ದಿದೆ, ಕೆಳಗಿನ ಬೀದಿಯವರು ಶಾಲೆಗೆ ಬನ್ನಿ, ಸಾಮಾನು ಎತ್ತರದ ಜಾಗಕ್ಕೆ ಸಾಗಿಸಿ’ ಎಂದು ಬಂದಾಗ ನಮ್ಮ ಬೀದಿಯ ಹೆಂಗಸರಿಗೆ ಕಂಡದ್ದು ಮೊದಲ ಮೂರು ಮಾತು ಮಾತ್ರ. ತಲೆಗೆ ಹೂ ಮುಡಿದು, ಅರಿಶಿನ ಕುಂಕುಮ, ಕಾಯಿ ಕರ್ಪೂರ ಹಿಡಿದು ಗಂಗಮ್ಮನ ಪೂಜೆಗೆಂದು ಏರಿಯ ಕಡೆ ಹೊರಟೆವು. ಎಲ್ಲರಿಗಿಂತ ಮುಂದೆ ನಾನೇ. ನಾಲ್ಕು ಜನ ನಿಂತು ಏನಾದರೂ ನೋಡುತ್ತಿದ್ದರೆ ಐದನೆಯವಳು ನಾನಾಗಿರಬೇಕು, ಅದು ನನ್ನ ಹುಟ್ಟುಗುಣ.

ಕೋಡಿಯ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾ ನೋಡುತ್ತಾ ಬಂದರೆ, ನಮ್ಮ ಬೀದಿಗೇ ಬಂದಿತ್ತು. ಆಗ ಮೆಸೇಜಿನ ಉಳಿದ ಭಾಗ ನೆನಪಾಯಿತು. ಎತ್ತರದ ಜಾಗ ಎಂದರೆ ತೆಂಗಿನ ಸೀಮೆಯವರಿಗೆ ಇನ್ನೇನು ಹೊಳೆಯುತ್ತದೆ? ಅಟ್ಟ. ಕೊಬ್ಬರಿಯಾಗಲೆಂದು ವರ್ಷವಿಡೀ ಕಾಯಿ ಒಣಗುವ ಜಾಗ ಅದು. ನಮ್ಮ ಅಟ್ಟ ಆಗಲೇ ಕಾಯಿಯಿಂದ ತುಂಬಿತ್ತು. ಅದರ ಮೇಲೆಯೇ ರಾಗಿಮೂಟೆ, ಟೀವಿ, ಟ್ರಂಕು, ಗ್ರೈಂಡರು ಎಲ್ಲವನ್ನೂ ಏರಿಸಿದೆವು. ಅತ್ತೆ ಕೆಳಗೆ ನಿಂತು, ಹುಷಾರು, ಕಾಯಿ ಒಡೆದೀರಿ ಎಂದು ಗದರುತ್ತಿದ್ದರು. ಬೀದಿಯ ಎಲ್ಲ ಮನೆಗಳಲ್ಲೂ ಇದೇ ಸಂಭ್ರಮ. ಆಮೇಲೆ ಎಲ್ಲರೂ ಶಾಲೆಗೆ ಹೋಗಿ, ಕೊಟ್ಟ ಚಿತ್ರಾನ್ನ ತಿಂದು ಅಲ್ಲೇ ಮಲಗಿದೆವು. ತಿಪಟೂರಿನ ಮಾರುಕಟ್ಟೆಗೆ ಹೋಗಿದ್ದ ನನ್ನ ಗಂಡ, ಸೇತುವೆ ಮುಳುಗಿದ್ದರಿಂದ ಅಲ್ಲಿಯೇ ಸಿಕ್ಕಿಕೊಂಡಿದ್ದರು. ಅಮ್ಮನನ್ನು ನೋಡಿಕೋ ಎಂದು ಫೋನು ಮಾಡಿದ್ದೇ ಮಾಡಿದ್ದು.

ಮಾರನೆಯ ಬೆಳಗ್ಗೆ ‘ನೀರು ಇಳಿದಿದೆ’ ಎಂಬ ಮೆಸೇಜು ಬಂತು. ನಾನು ಓದಿ ಮುಗಿಸುವಷ್ಟರಲ್ಲಿ ಅತ್ತೆ ಮನೆ ದಾರಿ ಹಿಡಿದಿದ್ದರು. ಬಿಸಿಲೂ ಬಂದಿತ್ತು. ಮಳೆ ನಿಂತಿತು, ನೀರು ಹೋಯಿತು, ಇನ್ನೇನು ಕಷ್ಟ ಎಂದು ನಾವು ಕೆಸರು ಬಳಿದು ಹೊರಹಾಕಲು ಕೂತೆವು. ಮಣ್ಣಿನ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ನೀರಿನ ಗೆರೆ ಬಿದ್ದಿತ್ತು. ಅದರ ಕೆಳಗೆ ಹೇಗಿದೆ ನೋಡೋಣವೆಂದು ಬೆರಳಿಟ್ಟೆ. ಬೆರಳು ಬಿಸಿ ಮುದ್ದೆಗೆ ಹೋದಂತೆ ಒಳಗೆ ಹೋಯಿತು. ನಾಲ್ಕು ಬಿಸಿಲು ಬಿದ್ದರೆ ಒಣಗುತ್ತದೆ ಎಂದುಕೊಂಡು ಕೈ ತೊಳೆದೆ.

ಆಗ ಅಟ್ಟದ ಮೇಲೆ ಏನೋ ಉರುಳಿದ ಸದ್ದಾಯಿತು. ಸ್ವಲ್ಪ ಬಿಟ್ಟು ಇನ್ನೊಂದು. ಒಲೆಯ ಪಕ್ಕ ಕೂತಿದ್ದ ಅತ್ತೆ ತಲೆ ಕೂಡ ಎತ್ತಲಿಲ್ಲ.

“ಹೆಗ್ಗಣ ಕಣೇ. ನೀರಿಗೆ ಹೆದ್ರಿ ಮ್ಯಾಲೆ ಹತ್ತಿರ್ತದೆ, ಬುಡು.”

ಬಿಡುವವಳು ನಾನಲ್ಲವಲ್ಲ. ಏಣಿ ಹತ್ತಿ ನೋಡಿದೆ. ಹೆಗ್ಗಣ ಇರಲಿಲ್ಲ. ಅಟ್ಟದ ತುಂಬ ಸಮನಾಗಿ ಹರಡಿದ್ದ ಕಾಯಿಗಳೆಲ್ಲ, ಮೇಲಿಟ್ಟ ಮೂಟೆ ಟ್ರಂಕುಗಳ ಸಮೇತ, ಮೂಡಲ ಗೋಡೆಯ ಕಡೆ ಸರಿದು ಗುಡ್ಡೆಯಾಗಿದ್ದವು. ಪಡುವಲ ಕಡೆ ಬರಿ ಬಿದಿರ ದಬ್ಬೆ ಕಾಣುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಇನ್ನೊಂದು ಕಾಯಿ ಯಾರೂ ಮುಟ್ಟದೆ ಕದಲಿ, ನಿಧಾನವಾಗಿ ಉರುಳಿಕೊಂಡು ಹೋಗಿ ಗುಡ್ಡೆ ಸೇರಿತು. ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಹೆದರಿಕೆಯಾಗಲಿಲ್ಲ, ಸೋಜಿಗವಾಯಿತು. ಎಲ್ಲಿಗೆ ಹೋಗುತ್ತಿವೆ ಇವು ಎಂದು ಕಣ್ಣು ಹಾಯಿಸಿದಾಗ ತೊಲೆಯ ತುದಿ ಗೋಡೆಯೊಳಗೆ ಗೇಣುದ್ದ ಕುಸಿದದ್ದು ಕಂಡಿತು. ಬಿರುಕಿನಿಂದ ಬೆಳಕು ಬರುತ್ತಿತ್ತು. ಆಗ ಹೆದರಿಕೆಯಾಯಿತು.

ಇಳಿದು ಬಂದು, ಗೋಡೆ ಕುಸಿಯುತ್ತಿದೆ, ಕಾಯಿ ಇಳಿಸಬೇಕು, ಹೊರಗೆ ಬನ್ನಿ ಎಂದು ಅತ್ತೆಗೆ ಹೇಳಿದೆ. ಅವರು ಏಳಲಿಲ್ಲ. ತಮ್ಮ ಮಾವನವರು ಕಟ್ಟಿದ ಗೋಡೆ, ಒಂದು ಮಳೆಗೆ ಬೀಳುವುದಿಲ್ಲ ಎಂದರು. ಕಾಯಿ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಕದಲುವ ಕಾಲ ಬಂದಿದೆ, ಈಗ ಇಳಿಸಿದರೆ ಎಲ್ಲ ಕೊಳೆತು ಹೋಗುತ್ತದೆ ಎಂದರು. ಬೇಡಿಕೊಂಡೆ, ಮಗನಿಗೆ ಫೋನು ಮಾಡುತ್ತೇನೆಂದು ಹೆದರಿಸಿದೆ. ಅವರದು ಉಡದ ಪಟ್ಟು. ಒಲೆಯ ಪಕ್ಕದ ಕಂಬ ಹಿಡಿದು ಕೂತೇ ಇದ್ದರು.

ನನಗೆ ಪಿತ್ತ ನೆತ್ತಿಗೇರಿತು. ಹೋಗಿ ಅವರ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತೆ.

“ಸರಿ ಅತ್ತೆ. ನಾನೂ ಇಲ್ಲೇ ಇರ್ತೀನಿ. ಬಿದ್ರೆ ಇಬ್ರ ಮೇಲೂ ಬೀಳ್ಲಿ.”

ಧೈರ್ಯ ಗೀರ್ಯ ಅಲ್ಲ, ಬರಿ ಸಿಟ್ಟು. ತಲೆಯ ಮೇಲೆ ಮತ್ತೊಂದು ಕಾಯಿ ಉರುಳಿತು. ಅತ್ತೆ ನನ್ನ ಮುಖ ನೋಡಿದರು. ಸಾರಿಗೆ ಉಪ್ಪು ಸಾಲದು ಎನ್ನುವಾಗ ಕೂಡ ಅವರು ಪಾತ್ರೆಯನ್ನು ನೋಡಿ ಹೇಳುತ್ತಿದ್ದರೇ ಹೊರತು ನನ್ನನ್ನು ನೋಡಿ ಅಲ್ಲ. ಈಗ ನೋಡಿದರು. ಆಮೇಲೆ ಕಂಬ ಬಿಟ್ಟು ಎದ್ದು, ತಲೆ ಕೆಟ್ಟವಳೆ ಎಂದು ಬೈಯುತ್ತಾ, ನನ್ನ ರಟ್ಟೆ ಹಿಡಿದು ಅಂಗಳಕ್ಕೆ ದರದರ ಎಳೆದುಕೊಂಡು ಬಂದರು.

ಗೋಡೆ ಬಿದ್ದದ್ದು ಊಟದ ಹೊತ್ತಿಗೆ. ಒಲೆ, ಕಂಬ, ನಾವು ಕೂತಿದ್ದ ಜಾಗ ಎಲ್ಲದರ ಮೇಲೆ ಕಾಯಿ, ಹೆಂಚು, ಮಣ್ಣು. ನಾನು ಅಂಗಳದಲ್ಲಿ ನಿಂತೇ ಗ್ರೂಪಿಗೆ ಒಂದು ಮೆಸೇಜು ಹಾಕಿದೆ: ಮಣ್ಣಿನ ಗೋಡೆಯವರು ಹಾಗೇ ಒಳಗೆ ಹೋಗಬೇಡಿ, ಮೊದಲು ಗೋಡೆಗೆ ಹೊರಗಿನಿಂದ ಮರದ ಊರೆ ಕೊಟ್ಟು, ಆಮೇಲೆ ಅಟ್ಟದ ಭಾರ ಇಳಿಸಿ. ಪಂಚಾಯ್ತಿಯವರು ಅದನ್ನೇ ಆಟೋದಲ್ಲಿ ಮೈಕು ಕಟ್ಟಿ ಸಾರಿದರು. ಸಂಜೆಯೊಳಗೆ ಕೆಳಗಿನ ಬೀದಿಯ ಅಟ್ಟಗಳೆಲ್ಲ ಇಳಿದವು. ಮೇಲಿನ ಬೀದಿಯವರು ನಮ್ಮ ಕಾಯಿಗಳನ್ನು ಕೆಸರಿನಿಂದ ಹೆಕ್ಕಿ ತೊಳೆದು, ಚೆನ್ನಾಗಿದ್ದವನ್ನು ತಮ್ಮ ಅಟ್ಟದ ಮೂಲೆಯಲ್ಲಿ ನಮಗಾಗಿ ಇಟ್ಟರು. ಉಳಿದದ್ದು ಕಡಿಮೆಯೇ.

ಕೆಲವು ದಿನ ಬಿಟ್ಟು ತಾಲ್ಲೂಕು ಕಚೇರಿಯಿಂದ ನಷ್ಟ ಬರೆದುಕೊಳ್ಳಲು ಒಬ್ಬರು ಬಂದರು. ಅತ್ತೆ ಏನು ಹೇಳುತ್ತಾರೋ ಎಂಬ ಕುತೂಹಲಕ್ಕೆ ನಾನು ಬಿದ್ದ ಗೋಡೆಯ ಜಾಗಕ್ಕೆ ಕಟ್ಟಿದ್ದ ಟಾರ್ಪಾಲಿನ ಹಿಂದೆ ನಿಂತೆ. ಕಾಯಿಯ ಲೆಕ್ಕ ಹೇಳಿ ಅಳುತ್ತಾರೆ, ನನ್ನಿಂದಲೇ ಹೋಯಿತು ಎಂದರೂ ಎಂದಾರು ಎಂದುಕೊಂಡಿದ್ದೆ. ಬಂದವರು ಏನೇನು ಹೋಯಿತು ಅಜ್ಜಿ ಎಂದು ಕೇಳಿದರು.

“ಗೋಡೆ ಹೋಯ್ತು, ಕಾಯಿ ಹೋದ್ವು, ಬರ್ಕೊಳಪ್ಪ,” ಎಂದರು ಅತ್ತೆ. ಆಮೇಲೆ ಬಂದವರ ಕಾಗದದ ಮೇಲೆ ಬೆರಳಿಟ್ಟು, “ಸೊಸೆ ಉಳ್ಕೊಂಡ್ಲು. ಅದ್ನೂ ಬರ್ಕೊ.”