ಬಾಳೆಕಂದು ಕಟ್ಟಿದ ಕಬ್ಬಿಣದ ಕುರ್ಚಿ

ನನ್ನ ಮಂಡಿ ಎರಡೂ ಕೆಟ್ಟಿವೆ. ನೆಲದ ಮೇಲೆ ಕೂತರೆ ಯಾರಾದರೂ ಕೈ ಕೊಟ್ಟು ಎಬ್ಬಿಸಬೇಕು. ಒಳಗಿರುವ ಸೋಫಾ ಅದಕ್ಕಿಂತ ಕಡೆ, ಕೂತರೆ ಕೆಸರಿಗೆ ಬಿದ್ದ ಎಮ್ಮೆಯ ಹಾಗೆ ಒದ್ದಾಡಬೇಕು. ಪ್ಲಾಸ್ಟಿಕ್ ಕುರ್ಚಿ ಕೈ ಊರಿದರೆ ಬಳುಕುತ್ತದೆ. ಬನ್ನಿಮಂಟಪದ ನಮ್ಮ ಮನೆಯಲ್ಲಿ ಯಾರನ್ನೂ ಕೂಗದೆ ನಾನು ಕೂತು ಏಳುತ್ತಿದ್ದದ್ದು ಗೇಟಿನ ಒಳಗೆ ಹಾಕಿದ್ದ ಕಬ್ಬಿಣದ ಕುರ್ಚಿಯಿಂದ ಮಾತ್ರ. ಅದರ ಕೈಗಳು ನನಗೆ ಅಳತೆ ತೆಗೆದು ಮಾಡಿದ ಹಾಗಿವೆ.

ಅದನ್ನು ತಂದವಳು ಸೊಸೆ. ಎರಡು ಕುರ್ಚಿ, ಒಂದು ಗುಂಡು ಮೇಜು, ಎಲ್ಲ ಹಸಿರು. ಇದು ಬ್ರಷ್ಷಿನಲ್ಲಿ ಬಳಿದ ಬಣ್ಣವಲ್ಲ, ಪುಡಿ ಹಾಕಿ ಕಾಯಿಸಿ ಕೂರಿಸಿದ್ದು, ಮಳೆ ಬಿಸಿಲಿಗೆ ಏನೂ ಆಗಲ್ಲ ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ನಮ್ಮ ಮನೆಯವರು ಅದನ್ನು ಏನು ಮಾಡಿದರೂ ಏನೂ ಆಗಲ್ಲ ಎಂದು ತಿಳಿದುಕೊಂಡರು.

ಮಗ ಬಾಡಿಗೆಗೆ ಟೆಂಪೊ ಓಡಿಸುತ್ತಾನೆ. ಆಯುಧಪೂಜೆ ಬಂದರೆ ಅವನಿಗೆ ಕಣ್ಣಿಗೆ ಬಿದ್ದ ಕಬ್ಬಿಣವೆಲ್ಲ ದೇವರೇ. ಟೆಂಪೊ, ಸ್ಪ್ಯಾನರ್, ಮಚ್ಚು, ಮಿಕ್ಸಿ ಎಲ್ಲಕ್ಕೂ ಕುಂಕುಮ ಇಟ್ಟಾದ ಮೇಲೆ ಕುರ್ಚಿಗಳ ಕಡೆ ತಿರುಗಿದ. ಒಂದೊಂದು ಕುರ್ಚಿಯ ಕಾಲಿಗೆ ಒಂದೊಂದು ಬಾಳೆಕಂದು ನಿಲ್ಲಿಸಿ, ತಂತಿ ಸುತ್ತಿ, ಇಕ್ಕಳದಲ್ಲಿ ತಿರುಚಿ ಬಿಗಿದ. ಟೆಂಪೊದ್ದನ್ನು ಬಾಡಿಗೆ ಬಂದ ತಕ್ಷಣ ಬಿಚ್ಚಿದ. ಕುರ್ಚಿಗೆ ಯಾವ ಬಾಡಿಗೆ ಬರುತ್ತದೆ? ದೇವರಿಗೆ ಕಟ್ಟಿದ್ದನ್ನು ತಾನ್ಯಾಕೆ ಕೀಳಲಿ ಎಂದು ಅವನು ಹೆಂಡತಿಯ ಮುಖ ನೋಡಿದ, ಅವಳು ಅವನ ಮುಖ ನೋಡಿದಳು. ಕಂದು ಅಲ್ಲೇ ನೆನೆದು ಕೊಳೆತು ಗೊಜ್ಜಾಯಿತು.

ದೀಪಾವಳಿಗೆ ಬಿಚ್ಚಿ ನೋಡಿದರೆ ತಂತಿ ಬಣ್ಣವನ್ನು ಸೀಳಿಕೊಂಡು ಒಳಗೆ ಕೂತಿತ್ತು. ಬಾಳೆಯ ಕರೆ ಕಪ್ಪಗೆ ಇಳಿದಿತ್ತು. ಸೊಸೆ ಹಿತ್ತಾಳೆ ದೀಪ ತಿಕ್ಕುತ್ತಿದ್ದವಳು ಅದೇ ಹುಣಸೆಹಣ್ಣು, ಅದೇ ಉಪ್ಪು, ಅದೇ ಸ್ಟೀಲ್ ನಾರು ತಂದು ಕುರ್ಚಿಗೂ ತಿಕ್ಕಿದಳು. ಕರೆ ಹೋಯಿತು. ಬಣ್ಣದ ಮೇಲಿನ ಹೊಳಪೂ ಹೋಯಿತು. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಸೀಳಿದ ಕಡೆ ಸಿಡುಬಿನ ಗುಳ್ಳೆ ಎದ್ದ ಹಾಗೆ ಎದ್ದು, ಉಗುರು ತಾಗಿಸಿದರೆ ಸಿಪ್ಪೆ ಉದುರುತ್ತಿತ್ತು.

"ಅವ್ವ, ಗುಜರಿಯವ್ನಿಗೆ ಆಕ್ಬುಡಾನ ಕಣವ್ವ. ಭಾನ್ವಾರ ಬತ್ತಾನೆ," ಅಂದ ಮಗ.

"ಆಕ್ಬುಟ್ಟು ನನ್ನ ಎಲ್ಲಿ ಕೂರುಸ್ತೀಯ? ಟೆಂಪೊ ಮ್ಯಾಲಾ?"

"ಸೋಫಾ ಅದಲ್ಲ."

"ಸೋಫಾದಿಂದ ಎಬ್ಬಸಾಕೆ ಬಾಡಿಗೆ ಬುಟ್ಟು ಬತ್ತೀಯೇನ್ಲಾ?"

ಅವನು ಟೆಂಪೊ ಹತ್ತಿ ಹೊರಟ. ಭಾನುವಾರ ಕುರ್ಚಿ ಹೋದರೆ ಸೋಮವಾರದಿಂದ ನಾನು ಕಾಫಿಗೆ, ಬಚ್ಚಲಿಗೆ, ಗೇಟು ತೆಗೆಯುವುದಕ್ಕೆ, ಎಲ್ಲಕ್ಕೂ ಇನ್ನೊಬ್ಬರ ಕೈಗೆ ಕಾಯಬೇಕು. ಅದು ನನ್ನಿಂದ ಆಗದ ಕೆಲಸ.

ನಮ್ಮ ಮನೆಗೆ ಗೇಟು ಮಾಡಿಕೊಟ್ಟ ವೆಲ್ಡಿಂಗ್‌ನವನ ಅಂಗಡಿ ನಜರ್‌ಬಾದಿನಲ್ಲಿದೆ. ಸೊಸೆಯ ಕೈಲಿ ಫೋನು ಮಾಡಿಸಿದೆ.

"ಸ್ಕ್ರೂಡ್ರೈವರ್ ತಗಂಡು ತುಕ್ಕು ಇರೋ ಕಡೆ ಒತ್ತಿ ಚುಚ್ಚಿ ನೋಡಿ ಕಣಮ್ಮ," ಅಂದ. "ಒಳಕ್ಕೋದ್ರೆ ಗುಜರಿಗೆ ಹಾಕಿ. ಹೋಗ್ದಿದ್ರೆ ಉಳೀತದೆ."

ಸೊಸೆ ಮೊದಲ ಕುರ್ಚಿಗೆ ಚುಚ್ಚಿದಳು. ಹಲಸಿನ ಹಣ್ಣಿಗೆ ಹೋದ ಹಾಗೆ ಒಳಗೆ ಹೋಯಿತು. ಎರಡನೆಯದು ನಾನು ಕೂರುವ ಕುರ್ಚಿ, ಅದಕ್ಕೂ ಚುಚ್ಚಿದಳು. ಟಣ್ ಅಂದಿತು.

ಆಮೇಲೆ ಕೆಲಸಕ್ಕೆ ಇಳಿದೆವು. ನಾನು ಹೇಳುವವಳು, ಅವಳು ಮಾಡುವವಳು. ಬಟ್ಟೆ ಸೋಪು ಸ್ವಲ್ಪ ಕದಡಿದ ನೀರಿನಲ್ಲಿ ಹಳೆ ಸೀರೆ ಚೂರು ಅದ್ದಿ ಒರೆಸಿ, ಬರಿ ನೀರು ಹೊಯ್ದು, ಬಿಸಿಲಿಗಿಟ್ಟೆವು. ಕಾಲಿನ ತುದಿಯ ರಬ್ಬರ್ ಬಿರಡೆ ಕಿತ್ತರೆ ಒಳಗೆ ಹಳೆ ಮಳೆನೀರು ನಿಂತಿತ್ತು, ಅದನ್ನೂ ಒಣಗಿಸಿದೆವು. ತುಕ್ಕು ಇರುವಲ್ಲಿ ಮಾತ್ರ ಉಪ್ಪುಕಾಗದ ಹಾಕಿ, ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಉಜ್ಜಿಸಿದೆ. ಗಟ್ಟಿ ಇದ್ದ ಬಣ್ಣವನ್ನು ಮುಟ್ಟಗೊಡಲಿಲ್ಲ. ಉಜ್ಜಿದ ಕಡೆ ತುಕ್ಕು ತಡೆಯುವ ಕೆಂಪು ರೆಡಾಕ್ಸೈಡು, ಅದು ಒಣಗಿದ ಮೇಲೆ ಹಸಿರು.

"ಇಷ್ಟೆಲ್ಲ ಯಾಕತ್ತೆ? ದೋಸೆ ಕಾವಲಿ ತುಕ್ಕು ಹಿಡೀದಂಗೆ ಎಣ್ಣೆ ಸವರಲ್ವಾ, ಇದಕ್ಕೂ ಕೊಬ್ರಿ ಎಣ್ಣೆ ಸವರ್ಬುಟ್ರೆ ಆಯ್ತು," ಅಂದಳು ಸೊಸೆ.

"ಕಾವಲಿ ಮ್ಯಾಲೆ ನೀನು ಕೂತ್ಕತ್ತೀಯೇನೆ?"

ನಕ್ಕಳು. ನಕ್ಕರೂ ಕೈ ನಿಲ್ಲಿಸಲಿಲ್ಲ. ಅವಳಲ್ಲಿ ಆ ಗುಣ ಇದೆ, ಹೇಳಿದ್ದು ಮಾಡುತ್ತಾಳೆ. ಹೇಳದೆ ಇದ್ದದ್ದನ್ನೂ ಮಾಡುತ್ತಾಳೆ, ತೊಂದರೆ ಅದರಲ್ಲೇ.

ಭಾನುವಾರ ಗುಜರಿಯವನ ಗಾಡಿ ಬಂತು. ಮಗ ಎರಡೂ ಕುರ್ಚಿ ತೋರಿಸಿದ. ಗುಜರಿಯವನು ತೂತು ಬಿದ್ದದ್ದನ್ನು ಗಾಡಿಗೆ ಹಾಕಿ, ನನ್ನದಕ್ಕೆ ಕೈ ಹಾಕಿದ.

"ಅದ ಇಳ್ಸಪ್ಪ," ಅಂದೆ.

"ಅವ್ವ, ಆ ಬಣ್ಣ ನೋಡವ್ವ! ಗಿಳಿ ಬಂದು ಉಗುಳ್ದಂಗದೆ. ನೆಂಟ್ರು ಬಂದ್ರೆ ಏನಂದಾರು?" ಅಂದ ಮಗ.

ನಿಜವೇ. ಹಳೆಯದು ಎಲೆಹಸಿರು, ನಾವು ಬಳಿದದ್ದು ಗಿಳಿಹಸಿರು. ಹೆಂಡತಿ ಹೇಳಿದ್ದಕ್ಕೆ ಡಬ್ಬದ ಮುಚ್ಚಳ ನೋಡಿ ತಂದವನು ಅವನೇ.

"ನೆಂಟ್ರು ಸೋಫಾದಲ್ಲಿ ಕೂತ್ಕಳ್ಳಿ," ಅಂದೆ.

"ಹಿಂದ್ಗಡೆ ಒಗೆಯೋ ಕಲ್ಲ್ತಾವಾದ್ರೂ ಇಡಾನ."

"ಅಲ್ಲಿ ಪಾಚಿ. ಜಾರ್ ಬಿದ್ರೆ ನೀನೇ ಎತ್ತಬೇಕು ನೋಡು."

ಗುಜರಿಯವನು ಕುರ್ಚಿ ಕೆಳಗಿಟ್ಟು, ಅವರವರೇ ತೀರ್ಮಾನ ಮಾಡಿಕೊಳ್ಳಲಿ ಎಂದು ನಿಂತ. ನಾನು ಹೋಗಿ ಕೂತೆ. ಕಾಲು ಅಲುಗಲಿಲ್ಲ. ಎರಡೂ ಕೈ ಊರಿ, ಮಂಡಿ ಬೈದರೂ ಲೆಕ್ಕಿಸದೆ, ಎದ್ದು ನಿಂತೆ. ಮಗ ಅಭ್ಯಾಸಬಲದಿಂದ ಒಂದು ಕೈ ಮುಂದಕ್ಕೆ ಚಾಚಿದ್ದ. ಅದು ಅಲ್ಲೇ ಉಳಿಯಿತು. ಆ ಕೈಯನ್ನು ಹಿಂದಕ್ಕೆ ತಗೊಂಡು ತಲೆ ಕೆರೆದುಕೊಂಡ.

"ಒಂದೇ ಕಣಣ್ಣ, ನೀನು ಓಗು," ಅಂದ ಗುಜರಿಯವನಿಗೆ.

ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಟೆಂಪೊಗೆ ಹಚ್ಚುವ ಮೇಣದ ಪಾಲಿಷನ್ನು ಅವನೇ ತಂದು ಕುರ್ಚಿಗೂ ಸವರಿ ಒರೆಸಿದ. ಈಗ ನೀರು ಬಿದ್ದರೆ ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿ ಹೋಗುತ್ತದೆ. ಗಿಳಿಹಸಿರು ಇನ್ನೂ ಹೊಳೆಯುತ್ತಿದೆ. ಬಂದವರು ಇದೇನು ಬಣ್ಣ ಎಂದು ಕೇಳುತ್ತಾರೆ. ಕೇಳಿದವರಿಗೆ ಉತ್ತರ ಕೊಟ್ಟು, ನಾನೇ ಎದ್ದು ಹೋಗಿ ಗೇಟು ಹಾಕಿಕೊಂಡು ಬರುತ್ತೇನೆ.