ಅತ್ತೆ ತೆಗೆದ ದೃಷ್ಟಿ

ಮುಳಬಾಗಿಲಿಗೆ ಡೇರೆ ಸಿನಿಮಾ ಬಂದಾಗ ನಾನು ಏಳು ತಿಂಗಳ ಬಸುರಿ. ಮೊದಲನೆಯ ಮಗು ಕೈಗೆ ಬಂದು ಹೋಗಿತ್ತು. ಹಾಗಾಗಿ ಈ ಸಲ ನಮ್ಮತ್ತೆ ನನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಹೇಳಿದ್ದನ್ನು ಕೇಳುವ ಜಾತಿ ನಾನಲ್ಲ. ರಾಕ್ಷಸರ ತೆಲುಗು ಚಿತ್ರವಂತೆ ಎಂದು ತಿಳಿದ ದಿನವೇ ಹಟ ಹಿಡಿದೆ.

"ಬಸುರಿ ಹೆಂಗಸು ಅಂಥದ್ದೆಲ್ಲ ನೋಡಬಾರ್ದು ಕಣೇ. ಅದರ ಕಣ್ಣು ಹೊಟ್ಟೇಲಿರೋದರ ಮೇಲೆ ಬಿದ್ರೆ?" ಎಂದರು ಅತ್ತೆ.

"ಬಟ್ಟೆ ಮೇಲಿನ ಬೊಂಬೆ ಅತ್ತೆ. ಅದಕ್ಕೆಲ್ಲಿಯ ಕಣ್ಣು?"

ಸೋತು ಅವರೂ ದೇವರಾಯಸಮುದ್ರದಿಂದ ನನ್ನ ಜೊತೆ ಗಾಡಿ ಹತ್ತಿದರು. ಸೆರಗಿನ ತುದಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಗಂಟು ಕಟ್ಟಿಕೊಂಡಿದ್ದರು. ಆಟ ಮುಗಿದ ಕೂಡಲೇ ನನಗೆ ದೃಷ್ಟಿ ತೆಗೆದು, ಮನೆಗೆ ಬಂದು ಅದನ್ನು ಒಲೆಗೆ ಹಾಕುವುದೆಂದು ಅವರ ಲೆಕ್ಕ.

ಹೆಂಗಸರ ಕಡೆ ಮರಳಿನ ಮೇಲೆ ಕೂತೆವು. ಹೊರಗೆ ಇಂಜಿನ್ನು ಗುಡುಗಿತು. ಬಿಳಿ ಬಟ್ಟೆಯ ಮೇಲೆ ಬೆಟ್ಟವೊಂದು ಬಾಯಿ ತೆರೆಯಿತು. ನಮ್ಮ ಕಡೆಯ ಬಂಡೆಗಳಂಥದೇ ಬೆಟ್ಟ! ಒಳಗಿನಿಂದ ಬಂದ ರಾಕ್ಷಸನ ಮುಖ ಬಟ್ಟೆಯ ತುಂಬ. ಒಂದೊಂದು ಕಣ್ಣೂ ರಾಗಿ ಬೀಸುವ ಕಲ್ಲಿನಷ್ಟು. ಭಯವಾಯಿತು, ಆದರೂ ನೋಟ ಕೀಳಲು ಆಗಲಿಲ್ಲ. ಮನುಷ್ಯರು ಇಂಥದ್ದನ್ನೂ ಮಾಡಬಲ್ಲರೇ ಎಂದು ಮೈಯೆಲ್ಲ ಜುಮ್ಮೆಂದಿತು. ಆಗ ಹೊಟ್ಟೆಯೊಳಗೆ ಮಗು ಒದೆಯಿತು. ಬೊಂಬೆ ಎಂದಿದ್ದ ನಾನೇ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡೆ.

ಆ ಬೆಟ್ಟದೊಳಕ್ಕೆ ತಾಯಿಯಿಲ್ಲದ ಪುಟ್ಟ ಹುಡುಗಿಯೊಬ್ಬಳು ಒಂಟಿಯಾಗಿ ಇಳಿದಳು. ರಾಕ್ಷಸ ಅವಳನ್ನೇ ದಿಟ್ಟಿಸಿದ. ಅಷ್ಟೇ, ನಮ್ಮತ್ತೆ ಎದ್ದು ಜನರನ್ನು ದಾಟಿ ಬಟ್ಟೆಯ ಹತ್ತಿರ ಹೋಗಿಬಿಟ್ಟರು! ಗಂಟು ಬಿಚ್ಚಿ, ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, ಆ ಹುಡುಗಿಯ ಮುಖಕ್ಕೆ ನಿವಾಳಿಸತೊಡಗಿದರು. "ನಾಯಿ ಕಣ್ಣು, ನರಿ ಕಣ್ಣು, ಈ ಪಾಪಿ ಕಣ್ಣು..."

"ಕೂರ್ಚೋಮ್ಮಾ!" ಕೂತ್ಕೊಳ್ಳಮ್ಮಾ ಎಂದು ಹಿಂದಿನಿಂದ ಗಂಡಸರು ತೆಲುಗಿನಲ್ಲಿ ಕೂಗಿದರು. ಅತ್ತೆ ಪೂರ್ತಿ ಮುಗಿಸಿಯೇ ಬಂದು ಕೂತರು.

ಒಬ್ಬರಿಗೆ ನಿವಾಳಿಸಿದ ಉಪ್ಪು ಇನ್ನೊಬ್ಬರಿಗೆ ಬರುವುದಿಲ್ಲ. ನನಗೆ ಅಳುವೇ ಬಂತು.

"ನಮ್ಮ ಮಗೂಗೆ ತಂದಿದ್ದನ್ನ ಅವಳಿಗೆ ತೆಗೆದ್ರಲ್ಲ ಅತ್ತೆ!"

"ಅವಳಿಗೆ ಅಲ್ಲಿ ಯಾರಿದ್ದಾರೆ ಹೇಳೇ?" ಎಂದರು. ಮುಷ್ಟಿ ಬಿಗಿಯಾಗಿಯೇ ಇತ್ತು. ಇನ್ನೊಂದು ಅಂಗೈಯನ್ನು ನನ್ನ ಹೊಟ್ಟೆಯ ಮೇಲಿಟ್ಟರು. "ಇದಕ್ಕೆ ನಾನಿದ್ದೀನಿ."

ಆಟ ಮುಗಿಯುವವರೆಗೂ ಆ ಕೈ ತೆಗೆಯಲಿಲ್ಲ. ಬಟ್ಟೆಯ ಮೇಲೆ ನೆಟ್ಟ ಕಣ್ಣನ್ನೂ ತೆಗೆಯಲಿಲ್ಲ.

ಮುಂದೆ ನನಗೆ ಮಗಳು ಹುಟ್ಟಿದಳು, ಉಳಿದಳು. ಬಾಣಂತಿ ಕೋಣೆಯ ದೀಪವನ್ನು ಅವಳು ಕಣ್ಣರಳಿಸಿ ನೋಡುತ್ತಿದ್ದರೆ ಅತ್ತೆ ಬೀಗುತ್ತಿದ್ದರು: "ಹೆದರೋಳಲ್ಲ ಕಣೇ ಇವಳು. ನಮ್ಮ ಜೊತೆ ಕೂತು ನೋಡಿದೋಳು."