ವೈನಿಯ ಮಸೂದೆ

ಮೊನ್ನೆ ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಚಿಕ್ಕೋಡಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ತಂಬಾಕಿನ ಚೀಲ ಹೇರಿಕೊಂಡ ಲಾರಿಯೊಂದು ಮಗ್ಗುಲಿಂದ ಹಾದುಹೋಯಿತು. ಆ ಘಾಟಿಗೆ ನನಗೆ ಸೀನು ಶುರುವಾಯಿತು ನೋಡಿ, ನಿಲ್ಲುವ ಹೆಸರೇ ಇಲ್ಲ. ಪಕ್ಕದಲ್ಲಿದ್ದ ಹೆಣ್ಣುಮಗಳು ತನ್ನ ಚೀಲ ಎತ್ತಿಕೊಂಡು ದೂರ ಸರಿದು ಕುಳಿತಳು. ನಿಪ್ಪಾಣಿಯ ಓಣಿಯಲ್ಲಿ ಹುಟ್ಟಿ ಬೆಳೆದವನಿಗೆ ತಂಬಾಕಿನ ಘಾಟು ಹತ್ತಬಾರದು. ಚಿಕ್ಕೋಡಿಯಲ್ಲಿ ಮನೆ ಕಟ್ಟಿ ಕುಳಿತ ಮೇಲೆ ನನ್ನ ಮೂಗು ನಾಜೂಕಾಗಿದೆ. ಸೀನೇನೋ ನಿಂತಿತು, ಅದರ ಬೆನ್ನಿಗೆ ಸಿಟ್ಟು ಬಂತು. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರಲ್ಲ, ಹಾಗನ್ನುವವರನ್ನು ಒಮ್ಮೆ ನನ್ನ ಮುಂದೆ ತಂದು ನಿಲ್ಲಿಸಿ.

ಸಿಟ್ಟು ಬಂದದ್ದು ವೈನಿಯನ್ನು ನೆನೆದು. ವೈನಿ ಅಂದರೆ ನನ್ನ ಅಣ್ಣನ ಹೆಂಡತಿಯಲ್ಲ. ನಮ್ಮ ಪಕ್ಕದ ಮನೆಯವರು. ಓಣಿಯ ಹುಡುಗರೆಲ್ಲ ಅವರನ್ನು ವೈನಿ ಅಂತಲೇ ಕರೆಯುತ್ತಿದ್ದೆವು. ತಂಬಾಕಿನ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ಕೆಲಸ. ಬೆಳಿಗ್ಗೆ ಹೋಗಿ ಇಡೀ ದಿನ ತಂಬಾಕು ಬಡಿದು, ಸೋಸಿ, ಸಂಜೆ ಬರುವಾಗ ರೆಪ್ಪೆಗೂದಲಿನ ಮೇಲೂ ಹಳದಿ ಧೂಳು. ಗಂಡ ಮಾರ್ಕೆಟ್ಟಿನಲ್ಲಿ ಹಮಾಲ. ಮಾತು ಕಡಿಮೆಯ ಮನುಷ್ಯ, ಹೆಂಡತಿಯೆಂದರೆ ಪ್ರಾಣ. ನಗುವುದರಲ್ಲಿ ಓಣಿಯಲ್ಲಿ ವೈನಿಯನ್ನು ಮೀರಿಸಿದವರಿರಲಿಲ್ಲ. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಚಿಕ್ಕೋಡಿಗೆ ಹೊರಟರೆ "ಕಲೆಕ್ಟರ್ ಸಾಹೇಬ್ರು ಹೊಂಟ್ರು, ನೀರ ಹೊಡೀಬ್ಯಾಡ್ರೇ" ಅಂತ ಎದುರುಮನೆಯವರಿಗೆ ಕೂಗಿ ಹೇಳುತ್ತಿದ್ದರು.

ಕಲೆಕ್ಟರನೂ ಅಲ್ಲ, ಮಣ್ಣೂ ಅಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ದಿನಗಳಲ್ಲಿ ನಾನು ಚಿಕ್ಕೋಡಿಯ ಒಬ್ಬ ವಕೀಲರ ಹತ್ತಿರ ಟೈಪಿಸ್ಟ್ ಆಗಿದ್ದೆ. ಇಂಗ್ಲಿಷ್ ಟೈಪಿಂಗ್ ಪರೀಕ್ಷೆ ಪಾಸಾಗಿದ್ದೇ ದೊಡ್ಡ ಸಾಧನೆ ಎಂದುಕೊಂಡಿದ್ದವನು. ಮನೆಯಲ್ಲಿ ಚಹಾ ಕೇಳುವಾಗಲೂ ಒಂದೆರಡು ಕೋರ್ಟಿನ ಶಬ್ದ ಸೇರಿಸಿ ಕೇಳುತ್ತಿದ್ದೆ. ನನ್ನ ತಾಯಿ ಬರೀ ನೀರು ಕೊಡುತ್ತಿದ್ದಳು.

ಇನ್ನು ವಖಾರದ ಸಂಗತಿ. ಸಂಜೆ ಕೆಲಸ ಬಿಟ್ಟ ಮೇಲೆ ಹೆಣ್ಣುಮಕ್ಕಳನ್ನು ಸುಮ್ಮನೆ ಮನೆಗೆ ಬಿಡುತ್ತಿರಲಿಲ್ಲ. ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿ ಝಡತಿ ತೆಗೆದುಕೊಳ್ಳುತ್ತಿದ್ದರು. ಮೈಯೆಲ್ಲ ತಡವಿ ನೋಡುವುದಕ್ಕೆ ಝಡತಿ ಎಂದು ಹೆಸರು. ಹಿಡಿ ತಂಬಾಕು ಕದ್ದಿದ್ದಾರೇನೋ ಎಂದು ಸೆರಗು ಝಾಡಿಸಬೇಕು, ನಿರಿಗೆ ಸಡಿಲಿಸಬೇಕು, ತುರುಬು ಬಿಚ್ಚಬೇಕು. ತಡವುವವನು ಗಂಡಸು, ಬಾಗಿಲ ಕಾವಲುಗಾರ. ತಂಬಾಕಿನ ಪುಡಿಗೆ ಇದ್ದ ಮರ್ಯಾದೆ ಅದನ್ನು ಸೋಸುವ ಹೆಂಗಸಿಗೆ ಇರಲಿಲ್ಲ. ಇದು ದಿನಾ ನಡೆಯುತ್ತಿತ್ತು, ಊರಿಗೆಲ್ಲ ಗೊತ್ತಿತ್ತು, ಊರು ಸಂಜೆಯ ಚಹಾ ಕುಡಿಯುತ್ತಿತ್ತು.

ಆಗ ಬಂದರು ನಮ್ಮ ಸದಸ್ಯರು. ನಮ್ಮ ಅಂದದ್ದು ಬಾಯಿ ಅಭ್ಯಾಸ. ಅವರು ನಮ್ಮ ಭಾಗದವರಲ್ಲ, ನಾವು ಓಟು ಹಾಕಿ ಆರಿಸಿದವರೂ ಅಲ್ಲ, ರಾಜ್ಯಸಭೆಯ ಸದಸ್ಯರು. ಹೆಂಡತಿಯ ತವರುಮನೆ ಅಥಣಿ, ಅಲ್ಲಿ ದ್ರಾಕ್ಷಿ ತೋಟ. ದ್ರಾಕ್ಷಿ ಸುಗ್ಗಿಗೆ ಬಂದಾಗ ನಮ್ಮ ವಕೀಲರನ್ನು ಕಾಣುವುದು ವಾಡಿಕೆ, ಇಬ್ಬರೂ ಕಾಲೇಜಿನ ಗೆಳೆಯರು. ಝಡತಿಯ ಸುದ್ದಿ ಕೇಳಿ ಅವರಿಗೆ ಸಿಟ್ಟು ಉಕ್ಕಿತು. ಇದಕ್ಕೊಂದು ಮಸೂದೆ ತಂದೇ ತರುತ್ತೇನೆ ಎಂದು ಮೇಜು ಗುದ್ದಿದರು. ಮೇಜಿನ ಮೇಲಿದ್ದ ನನ್ನ ಚಹಾ ಚೆಲ್ಲಿತು. ದೇಶಕ್ಕಾಗಿ ನಾನು ಮಾಡಿದ ಮೊದಲ ತ್ಯಾಗ ಅದೇ ಎಂದು ಆಗ ಹೆಮ್ಮೆಪಟ್ಟಿದ್ದೆ.

ನಿಪ್ಪಾಣಿಯ ಪ್ರವಾಸಿ ಬಂಗಲೆಯಲ್ಲಿ ವಖಾರದ ಕೆಲವು ಹೆಂಗಸರನ್ನು ಕರೆಸಿದರು. ಎಲ್ಲರೂ ಬಂದರು, ಯಾರೂ ಬಾಯಿ ಬಿಡಲಿಲ್ಲ. ಹೊಟ್ಟೆಪಾಡಿನ ಪ್ರಶ್ನೆ. ಕೊನೆಗೆ ವೈನಿ ಎದ್ದರು. ಒಂದು ದಿನ ಆ ಬಾಗಿಲಲ್ಲಿ ತನಗೆ ಏನಾಯಿತು ಎಂಬುದನ್ನು ಹೇಳುತ್ತೇನೆ, ಆದರೆ ಹುಡುಗರು ಹೊರಗೆ ಹೋಗಲಿ ಎಂದರು. ಹುಡುಗ ಅಂದರೆ, ಬರೆದುಕೊಳ್ಳಲು ಬಂದು ಕುಳಿತಿದ್ದ ನಾನು. ಎದ್ದೆ. ಬಾಗಿಲು ದಾಟುವ ಮೊದಲು ವೈನಿ ಸದಸ್ಯರಿಗೆ ಹೇಳಿದ ಮಾತು ಕಿವಿಗೆ ಬಿತ್ತು:

"ನನ್ನ ಗಂಡಗೂ ಹೇಳಿಲ್ರಿ ಇದನ್ನ. ನನ್ನ ಹೆಸರ ಎಲ್ಲೂ ಬರಬಾರದು."

"ನನ್ನ ತಂಗಿ ಅಂತ ತಿಳ್ಕೊಂಡಿದೀನಮ್ಮ. ಹೆಸರು ಈ ಕೋಣೆ ದಾಟಲ್ಲ" ಅಂದರು ಸದಸ್ಯರು.

ನಿಮಗೆ ಗೊತ್ತಿದೆಯೋ ಇಲ್ಲವೋ, ನನಗಂತೂ ಗೊತ್ತಿರಲಿಲ್ಲ: ಮಂತ್ರಿಯಲ್ಲದ ಸದಸ್ಯನೂ ಸಂಸತ್ತಿಗೆ ಮಸೂದೆ ತರಬಹುದು. ಇಂಥ ಮಸೂದೆ ತರುವ ಇಚ್ಛೆ ನನಗಿದೆ ಎಂದು ಒಂದು ತಿಂಗಳು ಮೊದಲೇ ಲಿಖಿತ ನೋಟೀಸು ಕೊಡಬೇಕು. ಅದರ ಸಂಗಡ ಮಸೂದೆಯ ಪ್ರತಿ, ಅದರ ಉದ್ದೇಶ, ಕಾರಣ. ಆಮೇಲೆ ಶುಕ್ರವಾರ ಮಧ್ಯಾಹ್ನ, ಅರ್ಧ ಸಭೆ ಊರಿಗೆ ಹೊರಟ ಹೊತ್ತಿನಲ್ಲಿ, ಇಂಥವಕ್ಕೆ ಸಮಯ. ಯಾರ ಮಸೂದೆ ಮೊದಲು ಚರ್ಚೆಗೆ ಬರಬೇಕು ಎಂಬುದಕ್ಕೆ ಚೀಟಿ ಎತ್ತುತ್ತಾರೆ. ವಕೀಲರು ಬರೆದುಕೊಟ್ಟರು, ನಾನು ಟೈಪು ಮಾಡಿದೆ. ಸಂಸತ್ತು ಈ ಮುಂದಿನಂತೆ ಶಾಸನ ಮಾಡತಕ್ಕದ್ದು ಎಂಬ ಸಾಲು ಹೊಡೆಯುವಾಗ ಸಂಸತ್ತಿಗೆ ನಾನೇ ಅಪ್ಪಣೆ ಕೊಡುತ್ತಿದ್ದೇನೆ ಅನ್ನಿಸಿ ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಆ ಪ್ರತಿಯಲ್ಲಿ ವೈನಿಯ ಹೆಸರಿರಲಿಲ್ಲ. "ಒಬ್ಬ ಮಹಿಳಾ ಕಾರ್ಮಿಕ" ಎಂದಷ್ಟೇ ಇತ್ತು.

ನೋಟೀಸು ಕೊಟ್ಟ ಸುದ್ದಿ ಬಂದದ್ದೇ ತಡ, ಸತ್ಕಾರಗಳು ಶುರುವಾದವು. ಏಕಸಂಬಿಯಲ್ಲಿ ಶಾಲು, ರಾಯಬಾಗದಲ್ಲಿ ಹಣ್ಣಿನ ಬುಟ್ಟಿ, ಅಥಣಿಯಲ್ಲಿ ಕಮಾನು ಕಟ್ಟಿ "ಕಾಯ್ದೆ ತಂದ ಧೀರ" ಎಂಬ ಬಟ್ಟೆ ಬೋರ್ಡು. ಅಯ್ಯಾ, ಕಾಯ್ದೆ ಎಲ್ಲಿ ತಂದಾನ? ತರುವ ಇಚ್ಛೆ ಇದೆ ಎಂದು ಚೀಟಿ ಬರೆದು ಕೊಟ್ಟಿದ್ದಾನೆ! ನನಗೂ ಇಚ್ಛೆ ಬೇಕಾದಷ್ಟಿವೆ, ಯಾರೂ ಶಾಲು ಹೊದಿಸಿಲ್ಲ. ಒಂದು ಸತ್ಕಾರದಲ್ಲಂತೂ ವಖಾರದ ಮಾಲೀಕರೊಬ್ಬರೇ ಹಾರ ಹಾಕಿದರು. ಸದಸ್ಯರು ಕತ್ತು ಬಾಗಿಸಿ ಹಾಕಿಸಿಕೊಂಡರು. ಆಗಲೇ ನಮಗೆ ತಿಳಿಯಬೇಕಿತ್ತು.

ನಮ್ಮ ಓಣಿಯ ಹೆಂಗಸರ ಲೆಕ್ಕ ಬೇರೆ. ಅವರಲ್ಲಿ ಭಿಶಿ ನಡೆಯುತ್ತಿತ್ತು: ತಿಂಗಳಿಗಿಷ್ಟು ಎಂದು ಎಲ್ಲರೂ ದುಡ್ಡು ಕೂಡಿಸಿ, ಚೀಟಿ ಎತ್ತಿ, ಬಂದವರಿಗೆ ಕೊಡುವುದು. ಒಮ್ಮೆ ಬಂದವರ ಹೆಸರನ್ನು ಮತ್ತೆ ಡಬ್ಬಿಗೆ ಹಾಕುವುದಿಲ್ಲ. ಹಾಗಾಗಿ ಇಂದಲ್ಲ ನಾಳೆ ಎಲ್ಲರ ಪಾಳಿಯೂ ಬಂದೇ ಬರುತ್ತದೆ. ದಿಲ್ಲಿಯಲ್ಲೂ ಚೀಟಿ ಎತ್ತುತ್ತಾರೆ ಎಂದು ನಾನು ಹೇಳಿದ್ದೇ ತಪ್ಪಾಯಿತು. ಪಾಳಿ ಬರುವುದು ಖಾತ್ರಿ, ಬಂದರೆ ಕಾಯ್ದೆ ಕೈಗೆ ಸಿಗುವುದೂ ಖಾತ್ರಿ ಎಂದು ಅವರು ನಂಬಿಬಿಟ್ಟರು. ಅಲ್ಲಿ ಹಾಗಲ್ಲ, ಎಷ್ಟೋ ಮಸೂದೆಗಳಿಗೆ ಪಾಳಿಯೇ ಬರುವುದಿಲ್ಲ ಎಂದು ನಾನು ಬಿಡಿಸಿ ಹೇಳಿದರೆ ವೈನಿ ನಕ್ಕುಬಿಟ್ಟರು. ಡಬ್ಬಿಗೆ ಹಾಕಿದ ಚೀಟಿ ಎಲ್ಲಿಗೆ ಹೋಗುತ್ತದೆ, ಅಷ್ಟು ದೊಡ್ಡ ಮಂದಿ ಭಿಶಿಯಲ್ಲಿ ಮೋಸ ಮಾಡುತ್ತಾರೆಯೇ ಎಂದು ನನ್ನನ್ನೇ ಕೇಳಿದರು.

ವೈನಿಯ ನಂಬಿಕೆಗೋ ಏನೋ, ಚೀಟಿ ಬಂತು. ಒಂದು ಶುಕ್ರವಾರ ಮಸೂದೆ ಚರ್ಚೆಗೂ ಬಂತು. ಭಾನುವಾರದ ಪತ್ರಿಕೆಯನ್ನು ನಾನು ಸ್ಟ್ಯಾಂಡಿನ ಅಂಗಡಿಯಲ್ಲೇ ಬಿಚ್ಚಿ ಓದಿದೆ. ಓದಿ ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ಸದಸ್ಯರು ಕಣ್ಣೀರು ತುಂಬಿಕೊಂಡು ಮಾತಾಡಿದ್ದರಂತೆ. ವೈನಿಯ ಹೆಸರು, ಗಂಡನ ಹೆಸರು, ನಮ್ಮ ಓಣಿಯ ಹೆಸರು ಹೇಳಿ, ಆ ದಿನ ಬಾಗಿಲಲ್ಲಿ ಆದದ್ದನ್ನು ಒಂದೂ ಬಿಡದೆ ಬಣ್ಣಿಸಿದ್ದರು. ಅದೇನೆಂದು ನಾನು ಇಲ್ಲಿ ಬರೆಯುವುದಿಲ್ಲ, ನೀವೂ ಕೇಳಬೇಡಿ. ಸಭೆಯಲ್ಲಿ ಎಲ್ಲ ಕಡೆಯಿಂದ "ನಾಚಿಕೆಗೇಡು, ನಾಚಿಕೆಗೇಡು" ಎಂಬ ಕೂಗು ಎದ್ದಿತಂತೆ. ಮಂತ್ರಿಗಳು ಸರ್ಕಾರ ಈ ವಿಷಯವನ್ನು ಪರಿಶೀಲಿಸುವುದು ಎಂದು ಭರವಸೆ ಕೊಟ್ಟರಂತೆ. ಸುದ್ದಿಯ ಕೊನೆಯ ಸಾಲು: ಮಂತ್ರಿಗಳ ಭರವಸೆಗೆ ಕೃತಜ್ಞತೆ ಹೇಳಿ, ಸಭೆಯ ಒಪ್ಪಿಗೆ ಪಡೆದು, ಸದಸ್ಯರು ತಮ್ಮ ಮಸೂದೆಯನ್ನು ಹಿಂದಕ್ಕೆ ಪಡೆದರು.

ಹಿಂದಕ್ಕೆ ಪಡೆಯುವುದೇ ಅಲ್ಲಿನ ಪದ್ಧತಿ ಎಂದು ವಕೀಲರು ನನಗೆ ಆಮೇಲೆ ತಿಳಿಸಿ ಹೇಳಿದರು. ಸರ್ಕಾರದ ಬೆಂಬಲವಿಲ್ಲದ ಮಸೂದೆ ಮತಕ್ಕೆ ಹಾಕಿದರೆ ಬೀಳುತ್ತದೆ. ಬೀಳುವುದಕ್ಕಿಂತ ಮರ್ಯಾದೆಯಿಂದ ಹಿಂದಕ್ಕೆ ಪಡೆಯುವುದು ಲೇಸು. ಯಾರ ಮರ್ಯಾದೆ ಎಂದು ಕೇಳಿದೆ. ವಕೀಲರು ಕನ್ನಡಕ ಒರೆಸಿಕೊಂಡರು.

ವೈನಿಯ ಗಂಡನಿಗೆ ಓದು ಬರುತ್ತಿತ್ತು. ಕ್ಷೌರದಂಗಡಿಯಲ್ಲಿ ಯಾರೋ ಪುಣ್ಯಾತ್ಮ ಪತ್ರಿಕೆ ಕೈಗೆ ಕೊಟ್ಟಿದ್ದ. ಅಂದು ಮನೆಗೆ ಬಂದವನು ಕೈ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. ನಡುವಿನ ಗೋಡೆ ಸಣ್ಣದು, ನಮಗೆಲ್ಲ ಕೇಳಿಸಿತು.

"ನನಗ ಹೇಳಲಿಲ್ಲ. ದಿಲ್ಲಿಗೆ ಹೇಳಿದಿ."

ಅಷ್ಟೇ. ಮುಂದೆ ಅವರಿಬ್ಬರ ನಡುವೆ ಮಾತೇ ನಿಂತುಹೋಯಿತು. ಕೆಲವು ದಿನಗಳಲ್ಲಿ ಅವನು ಕೊಲ್ಲಾಪುರದ ಕಡೆ ಹಮಾಲಿಗೆ ಹೋದ, ಹೋದವನು ತಿರುಗಿ ಬರಲಿಲ್ಲ. ಇತ್ತ ವಖಾರದ ಬಾಗಿಲಲ್ಲಿ ಕಾವಲುಗಾರ ದಿನಾ ಸಂಜೆ "ದಿಲ್ಲಿ ಬಾಯಿಸಾಹೇಬ್ರು ಬಂದ್ರು, ಹಾದಿ ಬಿಡ್ರಿ" ಎಂದು ಕೂಗಿ, ಉಳಿದವರಿಗಿಂತ ಹೆಚ್ಚು ಹೊತ್ತು ವೈನಿಯನ್ನೇ ತಡವತೊಡಗಿದ. ನಳದ ಹತ್ತಿರ ವೈನಿ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಹೊರಡುತ್ತಿದ್ದರು. ವೈನಿಗಾಗಿ ಮರುಗುತ್ತಲೇ ಹೊರಡುತ್ತಿದ್ದರು, ಅದು ಇನ್ನೂ ಕೆಟ್ಟದ್ದು. ನಗುವುದನ್ನು ವೈನಿ ಬಿಟ್ಟೇಬಿಟ್ಟರು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೋದರೂ ಯಾರೂ ಏನೂ ಅನ್ನುತ್ತಿರಲಿಲ್ಲ.

ಮುಂದಿನ ದ್ರಾಕ್ಷಿ ಸುಗ್ಗಿಗೆ ಸದಸ್ಯರು ಅಥಣಿಗೆ ಬಂದರು. ಹೋಗೋಣ ನಡಿ ಅಂದರು ವೈನಿ. ಹೋದೆವು. ಸದಸ್ಯರು ಜೋಕಾಲಿಯ ಮೇಲೆ ಕುಳಿತಿದ್ದರು, ನಮ್ಮನ್ನು ಕಂಡು ಬಹಳ ಸಂತೋಷಪಟ್ಟರು. ಅದೇ ನನ್ನ ಹೊಟ್ಟೆ ಉರಿಸಿದ್ದು. ಅಡಗಿಕೊಳ್ಳಲಿಲ್ಲ, ನಾಚಲಿಲ್ಲ, ತಟ್ಟೆ ತುಂಬ ದ್ರಾಕ್ಷಿ ತರಿಸಿದರು. ಅಂಥ ಭಾಷಣ ತಮ್ಮ ಜೀವನದಲ್ಲೇ ಮಾಡಿರಲಿಲ್ಲವಂತೆ, ವಿರೋಧ ಪಕ್ಷದವರೂ ಎದ್ದು ಬಂದು ಕೈ ಕುಲುಕಿದರಂತೆ. ವೈನಿ ತಟ್ಟೆ ಮುಟ್ಟಲಿಲ್ಲ. ಹೆಸರು ಯಾಕೆ ಹೇಳಿದಿರಿ ಎಂದು ಕೇಳಿದರು.

"ಹೆಸರಿಲ್ದೆ ಹೇಳಿದ್ರೆ ಸಭೆ ನಂಬೋದಿಲ್ಲಮ್ಮ. ಕಟ್ಟುಕಥೆ ಅಂತಾರೆ. ನಿನ್ನ ಹೆಸರು ಕೇಳಿ ಇಡೀ ಸಭೆ ತಲೆ ತಗ್ಗಿಸ್ತು ಗೊತ್ತಾ?"

ವೈನಿ ಬಹಳ ನಿಧಾನವಾಗಿ ಕೇಳಿದರು.

"ಮಸೂದಿ ವಾಪಸ್ ತಗೊಂಡ್ ಬಂದ್ರಿ. ನನ್ನ ಹೆಸರ ಯಾಕ್ರಿ ಅಲ್ಲೇ ಬಿಟ್ಟ್ ಬಂದ್ರಿ?"

ಸದಸ್ಯರು ಜೋಕಾಲಿ ನಿಲ್ಲಿಸಿದರು. ಒಳಗಿನಿಂದ ಚಹಾ ಬಂತು, ನಾವು ಕುಡಿಯದೆ ಎದ್ದೆವು. ಆ ವರ್ಷವೇ ವೈನಿ ನಿಪ್ಪಾಣಿ ಬಿಟ್ಟು ಶಿರಗುಪ್ಪಿಯ ತವರಿಗೆ ಹೋದರು, ಕಬ್ಬಿನ ಹೊಲದ ಕೂಲಿಗೆ.

ಮೊನ್ನೆ ಬಸ್ಸಿಳಿದು ಮನೆಗೆ ಬಂದವನು ಇದನ್ನೆಲ್ಲ ಮಗಳ ಮುಂದೆ ಹೇಳಿದೆ. ಅವಳೀಗ ವಕೀಲೆ. ಕಂಪ್ಯೂಟರಿನಲ್ಲಿ ಏನೋ ಒತ್ತಿದಳು, ಆ ಶುಕ್ರವಾರದ ಕಲಾಪ ಪರದೆಯ ಮೇಲೆ ಬಂದು ನಿಂತಿತು. ವೈನಿಯ ಹೆಸರು, ಓಣಿ, ಆ ಬಾಗಿಲು, ಎಲ್ಲ ಅಕ್ಷರಶಃ. ಅದೇ ಪುಟದಲ್ಲಿ ಇಬ್ಬರು ಸದಸ್ಯರು ಜಗಳಾಡಿದ್ದರು; ಒಬ್ಬರು ಇನ್ನೊಬ್ಬರಿಗೆ ಏನೋ ಅಂದಿದ್ದರು. ಆ ಮಾತಿನ ಜಾಗದಲ್ಲಿ ಬರೀ ನಕ್ಷತ್ರದ ಗುರುತುಗಳಿದ್ದವು. ಮಾನ್ಯರ ಮನಸ್ಸಿಗೆ ನೋವಾಗುತ್ತದೆಂದು ಸಭಾಪತಿಗಳು ಅದನ್ನು ಕಡತದಿಂದ ತೆಗೆಸಿದ್ದಾರೆ ಎಂದು ಮಗಳು ಬಿಡಿಸಿ ಹೇಳಿದಳು. ನೋಡಿ ಹಾಗಾದರೆ! ಒಂದು ಬೈಗುಳಕ್ಕೆ ನಕ್ಷತ್ರ ಇಡಲು ಬರುತ್ತದೆ, ಒಬ್ಬ ಹೆಂಗಸಿನ ಹೆಸರಿಗೆ ಇಡಲು ಅವರಿಗೆ ಕೈ ಬರಲಿಲ್ಲ.

ಹೆಸರು ತೆಗೆಯಿರಿ ಎಂದು ಒಂದು ಅರ್ಜಿ ಬರೆಯೋಣ ಅಂದಳು ಮಗಳು. ಬರೆಯಲು ಕುಳಿತೆವು, ಮೊದಲ ಸಾಲಿನಲ್ಲೇ ನಿಂತೆವು. ಯಾವ ಹೆಸರು ತೆಗೆಯಬೇಕೆಂದು ಹೇಳಲು ಆ ಹೆಸರನ್ನೇ ಮತ್ತೊಮ್ಮೆ ಬರೆಯಬೇಕು. ವೈನಿಯನ್ನು ಕೇಳದೆ ಬರೆಯುವುದಿಲ್ಲ ಎಂದು ನಾನು ಹಟ ಹಿಡಿದೆ. ಮರುದಿನ ಕಾಗವಾಡದ ಬಸ್ಸು ಹತ್ತಿ ಶಿರಗುಪ್ಪಿಗೆ ಹೋದೆ.

ವೈನಿ ತಮ್ಮನ ಮನೆಯ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ತಲೆಯೆಲ್ಲ ಬೆಳ್ಳಗಾಗಿದೆ. ಗುರುತು ಹಿಡಿದರು, ಮನೆಯವರ ಕ್ಷೇಮ ಕೇಳಿದರು. ನಾನು ಬಂದ ಕಾರಣ ಹೇಳಿದೆ. ಕಂಪ್ಯೂಟರು, ಕಡತ, ಅರ್ಜಿ, ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು.

"ತೆಗೀರಿ ಅಂತ ಬರಿಯಾಕೂ ಮತ್ತ ನನ್ನ ಹೆಸರ ಬರೀಬೇಕೇನು?"

"ಹೌದ್ರಿ ವೈನಿ. ಇಲ್ಲಾಂದ್ರ ಅವರಿಗೆ ತಿಳಿಯೂದಿಲ್ಲ."

ವೈನಿ ಸುಲಿದ ಕಾಳನ್ನು ಬುಟ್ಟಿಗೆ ಹಾಕಿ, ಸಿಪ್ಪೆಯನ್ನು ಬದಿಗೆ ಸರಿಸಿದರು.

"ನಂದ್ ಬ್ಯಾಡ. ಹೇಳಿದವರ ಹೆಸರ ಬರಿ. ಮಾತ್ ಕೊಟ್ಟು ಯಾರ್ ಹೇಳಿದ್ರು, ಅವರ್ದು ಬರಿ."

ಅರ್ಜಿಯನ್ನು ನಾನೇ ಬರೆದೆ, ನಾನೇ ಸಹಿ ಹಾಕಿದೆ. ಸಂಪುಟ, ಪುಟ, ಸಾಲು ಎಲ್ಲ ಹೇಳಿ, ಸದರಿ ಸದಸ್ಯರು ಹೇಳುವುದಿಲ್ಲವೆಂದು ಮಾತು ಕೊಟ್ಟು ಹೇಳಿದ ಹೆಸರನ್ನು ತೆಗೆದುಹಾಕಬೇಕು ಎಂದು ನಮೂದಿಸಿದೆ. ಇವತ್ತು ಚಿಕ್ಕೋಡಿ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ ಬಂದೆ. ಉತ್ತರ ಬರಲಿ, ಬಿಡಲಿ. ಅದರಲ್ಲಿ ಸದಸ್ಯರ ಹೆಸರು ಮೇಲಿಂದ ಕೆಳಗಿನವರೆಗೆ ಪ್ರತಿ ಪ್ಯಾರಾದಲ್ಲೂ ಇದೆ. ವೈನಿಯದು ಎಲ್ಲಿಯೂ ಇಲ್ಲ.